ಅಜ್ಜಿಯ ಕಣ್ಣಿನ ಮೂಲೆ

ನನ್ನ ಎರಡೂ ಕಣ್ಣುಗಳ ಒಳಮೂಲೆಯಲ್ಲಿ, ಮೂಗಿನ ಪಕ್ಕಕ್ಕೆ, ಚರ್ಮದ ಒಂದು ಸಣ್ಣ ಮಡಿಕೆಯಿದೆ. ತೀರಿಹೋದ ಅಜ್ಜಿಯ ಬಳುವಳಿ ಅದು. ಅಜ್ಜಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಆಕೆಯ ಕಾಲದ ಗಂಡಿನ ಕಡೆಯವರು ಹುಡುಗಿ ಹೊಲದಲ್ಲಿ ಬಗ್ಗುತ್ತಾಳೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು.

ಕಳೆದ ವರ್ಷ ಕುಶಾಲನಗರದ ನಮ್ಮ ಮನೆಗೆ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ‘ಹುಡುಗಿ ಟಿಬೆಟನ್ ಕ್ಯಾಂಪಿನೋಳ ಥರ ಕಾಣ್ತಾಳೆ’ ಎಂದು ಬ್ರೋಕರ್ ಕೈಲಿ ಹೇಳಿ ಕಳಿಸಿದರು. ಅದೇ ಸಂಜೆ ಅವರು ಆ ಕ್ಯಾಂಪಿನಲ್ಲೇ ಕಾರು ನಿಲ್ಲಿಸಿ ಮೊಮೊ ತಿನ್ನುತ್ತಿದ್ದುದನ್ನು ಅಣ್ಣ ಕಂಡಿದ್ದ. ಮೊಮೊ ಆಗುತ್ತದೆ, ಕಣ್ಣು ಆಗುವುದಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೋದರತ್ತೆಗೆ ಸಿಟ್ಟು ಬಂದದ್ದು ನನ್ನ ಕಣ್ಣಿನ ಮೇಲೆ. ಮೊಬೈಲಿನಲ್ಲಿ ಹುಡುಕಿ, ಅಂಥ ಮಡಿಕೆ ಕತ್ತರಿಸಿ ಹೊಲಿಯುವ ಮೈಸೂರಿನ ಡಾಕ್ಟರೊಬ್ಬರನ್ನು ಹಿಡಿದಳು.

‘ಒಂದ್ ಚೂರು ಚರ್ಮ ಕಣೇ. ಬ್ಲೌಸ್ ಆಲ್ಟರ್ ಮಾಡ್ಸಿದಂಗೆ, ಅಷ್ಟೇಯ’ ಎಂದಳು.

ಕನ್ನಡಿ ನೋಡಿ ನೋಡಿ ನನಗೂ ಸಾಕಾಗಿತ್ತು. ಹಿರಿಯರ ಹಬ್ಬ ಮುಗಿದ ಸೋಮವಾರಕ್ಕೆ ಒಪ್ಪಿಕೊಂಡೆ.

ಹಬ್ಬದಲ್ಲಿ ಎಡೆ ಇಡಲು ಸತ್ತವರ ಫೋಟೋ ಬೇಕು. ಅಜ್ಜಿಯದೆಂದು ಇದ್ದ ಒಂದೇ ಫೋಟೋ, ಹೊಳೆ ನೀರು ಮನೆಗೆ ನುಗ್ಗಿದಾಗ ಹಾಳಾಗಿತ್ತು. ‘ಇವಳ ಮುಖಕ್ಕೆ ವಯಸ್ಸು ಮಾಡ್ಸಿದ್ರೆ ನಮ್ಮವ್ವನೇ’ ಎಂದು ಅತ್ತೆಯೇ ನನ್ನನ್ನು ಸ್ಟುಡಿಯೋಗೆ ಎಳೆದೊಯ್ದಳು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ನನ್ನ ಕೂದಲು ನೆರೆಸಿದ, ಕೆನ್ನೆ ಸುಕ್ಕಾಗಿಸಿದ. ಮದುವೆ ಆಲ್ಬಮ್ ಮಾಡಿ ಮಾಡಿ ಅವನ ಕೈಗೆ ಅಂಟಿದ ಚಾಳಿ. ಯಾರೂ ಹೇಳದೆಯೇ ಕಣ್ಣಿನ ಮಡಿಕೆಯನ್ನೂ ಅಳಿಸಿಬಿಟ್ಟ.

ಅತ್ತೆ ಕಿರುಚಿಕೊಂಡಳು. ‘ಯಾರಪ್ಪಾ ಇವ್ಳು? ನಮ್ಮವ್ವನ ಕಣ್ಣು ಎಲ್ಲಿ ಹಾಕ್ದೆ?’

‘ಈಗ ಚೆನ್ನಾಗಿ ಕಾಣ್ತದಲ್ಲ ಅಕ್ಕ?’ ಎಂದ, ಪಾಪ.

‘ನಿನ್ ಚೆಂದಕ್ಕಿಷ್ಟು ಬೆಂಕಿ ಹಾಕ! ಬ್ಯಾರೆಯವರ ಅವ್ವಂಗೆ ನಾನ್ಯಾಕೆ ಎಡೆ ಇಡ್ಲಿ?’

ಅವನು ಒಂದು ಗುಂಡಿ ಒತ್ತಿದ, ಮಡಿಕೆ ವಾಪಸು ಬಂತು. ಮೈಸೂರಿನ ಡಾಕ್ಟರ ಹತ್ತಿರ ಅಂಥ ಗುಂಡಿ ಇರಲಿಕ್ಕಿಲ್ಲ.

ಹಬ್ಬದ ದಿನ ಆ ಫೋಟೋದ ಮುಂದೆ ಕೋಳಿ ಸಾರು, ವಡೆ, ಅಜ್ಜಿಗೆ ಪ್ರಾಣವಾಗಿದ್ದ ಎಲೆ ಅಡಿಕೆ ಇಟ್ಟು ಅತ್ತೆ ಗಳಗಳನೆ ಅತ್ತಳು. ‘ನೋಡೇ, ನಮ್ಮವ್ವ ಎಷ್ಟು ಲಕ್ಷಣ!’ ಎಂದು ನನಗೇ ತೋರಿಸಿದಳು. ನನ್ನದೇ ಮುಖ. ಎಷ್ಟೋ ತಿಂಗಳ ಮೇಲೆ ನನಗೂ ಅದು ಚೆಂದ ಕಂಡಿತು, ಹೊಟ್ಟೆ ತಣ್ಣಗಾಯಿತು.

ಊಟಕ್ಕೆ ಕೂತಾಗ ಕೇಳಿದೆ: ‘ಸೋಮವಾರ ಮೈಸೂರಿಗೆ ಎಷ್ಟೊತ್ತಿಗೆ ಹೊರಡಾಣ ಅತ್ತೆ?’

ಅತ್ತೆ ಗೋಡೆಯ ಮೇಲಿನ ಫೋಟೋ ನೋಡಿದಳು, ನನ್ನನ್ನು ನೋಡಿದಳು, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

‘ಬಾಯ್ ಮುಚ್ಕಂಡು ಉಣ್ಣು.’