ವೈದ್ಯರಿಗೆ ತಿಳಿಸುವ ಮೊದಲು

ವಿದ್ಯೆಗೆ ಮೂಲವಾದ ಶಾರದೆಗೆ ಮೊದಲ ನಮಸ್ಕಾರ. ಅಕ್ಷರದೊಡನೆ ಉಚ್ಚಾರದ ಶುದ್ಧಿಯನ್ನೂ ಕೊಟ್ಟ ತಂದೆಯವರಿಗೆ, ಹಾಸಿಗೆಯನ್ನು ಸುಕ್ಕಿಲ್ಲದಂತೆ ಹಾಸುವುದನ್ನು ಕಲಿಸಿದ ಹಿರಿಯ ದಾದಿಯರಿಗೆ, ನೋಯುವ ತಮ್ಮ ಮೈಯನ್ನೇ ನಮ್ಮ ಪಾಠಕ್ಕೆ ಒಪ್ಪಿಸಿದ ರೋಗಿಗಳಿಗೆ ಅನಂತರದ ನಮಸ್ಕಾರ. ನಾನು ಬಲ್ಲದ್ದರಲ್ಲಿ ನನ್ನದೆಂಬುದು ಬಹಳ ಕಡಿಮೆ.

ನರ್ಸಿಂಗ್ ಶಾಲೆಯ ಅಧ್ಯಾಪಕಿಯಾಗಿ ನಿವೃತ್ತಳಾದ ಮೇಲೆ, ಕೊಪ್ಪದ ನಮ್ಮ ಮನೆಯ ಮಹಡಿಯಲ್ಲಿ ಪರವಾನಗಿ ಪರೀಕ್ಷೆಯ ಪಾಠವನ್ನು ಆರಂಭಿಸಿದೆ. ಕೋರ್ಸ್ ಮುಗಿಸಿದ ಹೆಣ್ಣುಮಕ್ಕಳು ಶೃಂಗೇರಿಯಿಂದ, ನರಸಿಂಹರಾಜಪುರದಿಂದ, ಕಮ್ಮರಡಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ವಾರ್ಡಿನಲ್ಲಿ ದಾದಿಯಾಗಿ ನಿಲ್ಲುವಂತಿಲ್ಲ.

ನನ್ನ ತಂದೆಯವರು ಶೃಂಗೇರಿಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದವರು. ಗುರು ಒಮ್ಮೆ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಮಾತು ನಾಲಗೆಯಿಂದ ಇಳಿದು ಎದೆಯಲ್ಲಿ ನೆಲೆಸುವವರೆಗೆ ಬಿಡಬಾರದು ಎಂಬುದು ಅವರ ಕ್ರಮ. ನಾನೂ ಅದನ್ನೇ ಅನುಸರಿಸಿದೆ. ವಾರ್ಡಿನ ಕರ್ತವ್ಯಗಳನ್ನು ಹನ್ನೆರಡು ವಾಕ್ಯಗಳಲ್ಲಿ ಕಟ್ಟಿ, ಪ್ರಾರ್ಥನೆ ಮುಗಿದೊಡನೆ ಎಲ್ಲರಿಂದಲೂ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ಅವುಗಳಲ್ಲಿ ಮೊದಲನೆಯದು ಇದು: ‘ರೋಗಿಯಲ್ಲಿ ಬದಲಾವಣೆ ಕಂಡರೆ ಮೊದಲು ವೈದ್ಯರಿಗೆ ತಿಳಿಸಿ, ಅವರ ಅಪ್ಪಣೆಯಂತೆ ನಡೆಯತಕ್ಕದ್ದು.’ ಹಿಂದಿನ ಪರೀಕ್ಷೆ ಲಕ್ಷಣಗಳನ್ನು ಕೇಳುತ್ತಿತ್ತು, ವಿಧಗಳನ್ನು ಕೇಳುತ್ತಿತ್ತು. ನನ್ನ ಮಕ್ಕಳು ಹೇಳಿ ಗೆದ್ದು ಬರುತ್ತಿದ್ದರು.

ಆಮೇಲೆ ಪರೀಕ್ಷೆಯ ರೀತಿ ಬದಲಾಯಿತು. ಈಗ ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ರೋಗಿಯ ಸ್ಥಿತಿಯನ್ನು ವಿವರಿಸಿ, ‘ನೀವು ಮೊದಲು ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ.

ಹೊಸ ರೀತಿಯ ಪರೀಕ್ಷೆಯಲ್ಲಿ ಮೊದಲು ಸೋತವಳು ನನ್ನ ಅತ್ಯುತ್ತಮ ಶಿಷ್ಯೆ. ಭಂಡಿಗಡಿಯ ಕಡೆಯ ಹುಡುಗಿ. ತಂದೆ ತಾಯಿ ಇಬ್ಬರೂ ತೋಟದ ಕೂಲಿಗೆ ಹೋಗುವವರು. ಹನ್ನೆರಡು ವಾಕ್ಯಗಳನ್ನು ಒಂದಕ್ಷರ ಜಾರದಂತೆ ಹೇಳುತ್ತಿದ್ದಳು. ನರಸಿಂಹರಾಜಪುರದ ಒಂದು ಆಸ್ಪತ್ರೆಯವರು ಅವಳಿಗೆಂದು ಜಾಗ ಇರಿಸಿದ್ದರು. ಮುಂದಿನ ಪರೀಕ್ಷೆಯವರೆಗೆ ಕಾಯುತ್ತೇವೆ, ಅದರಾಚೆಗೆ ಆಗದು ಎಂದು ಹೇಳಿ ಕಳುಹಿಸಿದರು. ಆ ಮಾತನ್ನು ತಿಳಿಸಲು ಅವಳ ತಾಯಿಯೂ ಮಗಳೊಡನೆ ಬಂದರು. ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

“ಬಾಯಲ್ಲಿ ಎಲ್ಲ ಬತ್ತದೆ ಅಮ್ಮಾ. ನಿದ್ದೇಲೂ ಹೇಳ್ತದೆ ಇದು. ಮತ್ಯಾಕೆ ಹಿಂಗಾತು?”

ಕಾರಣ ತಿಳಿಯಲೆಂದು ಹೊಸ ಕ್ರಮದ ಹದಿನೈದು ಪ್ರಶ್ನೆಗಳನ್ನು ಬರೆದು, ಆಗ ಪಾಠಕ್ಕೆ ಬರುತ್ತಿದ್ದ ಒಂಬತ್ತು ಜನರಿಗೂ ಕೊಟ್ಟೆ. ಅದರಲ್ಲೊಂದು ಹೀಗಿತ್ತು: ರೋಗಿಗೆ ರಕ್ತ ಏರಿಸುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಚಳಿ ನಡುಕ ಬಂದಿದೆ, ಸೊಂಟ ನೋಯುತ್ತಿದೆ ಎನ್ನುತ್ತಾನೆ. ದಾದಿ ಮೊದಲು ಮಾಡಬೇಕಾದದ್ದೇನು? ಒಗ್ಗದ ರಕ್ತದ ಒಂದೊಂದು ಹನಿಯೂ ವಿಷ. ಮೊದಲು ಅದನ್ನು ನಿಲ್ಲಿಸಬೇಕು. ಒಂಬತ್ತು ಹಾಳೆಗಳಲ್ಲಿಯೂ ಒಂದೇ ಉತ್ತರ: ವೈದ್ಯರಿಗೆ ತಿಳಿಸುವುದು. ರಕ್ತ ಹರಿಯುತ್ತಲೇ ಇತ್ತು.

ಹಾಳೆಗಳನ್ನು ಜೋಡಿಸಿಟ್ಟು ಮತ್ತೊಮ್ಮೆ ಓದಿದೆ. ಅದು ಅವರ ಉತ್ತರವಾಗಿರಲಿಲ್ಲ, ನನ್ನ ಮೊದಲ ವಾಕ್ಯವಾಗಿತ್ತು. ನಾನು ವಾರ್ಡಿನಲ್ಲಿದ್ದಾಗ ನಡುಕ ಕಂಡೊಡನೆ ರಕ್ತ ನಿಲ್ಲಿಸಿ, ಬಳಿಕ ವೈದ್ಯರನ್ನು ಕರೆದವಳೇ. ಕೈ ಮಾಡಿದ್ದು ಒಂದು, ವಿನಯವೆಂದು ತಿಳಿದು ಬಾಯಿ ಕಲಿಸಿದ್ದು ಮತ್ತೊಂದು.

ಮರುದಿನ ಪ್ರಾರ್ಥನೆಯಾದ ಮೇಲೆ ಎಲ್ಲರೆದುರು ಹೇಳಿದೆ: “ಮೊದಲನೆಯ ವಾಕ್ಯ ತಪ್ಪು. ತಪ್ಪು ನನ್ನದು. ಇಂದಿನಿಂದ ಅದನ್ನು ಹೇಳಬೇಡಿ.”

ಯಾರೂ ತಲೆ ಎತ್ತಲಿಲ್ಲ. ಶೃಂಗೇರಿಯಿಂದ ಬರುವ ಹುಡುಗಿಯೊಬ್ಬಳಿದ್ದಾಳೆ, ಬಾಯಿಗೆ ಬೀಗವಿಲ್ಲದವಳು. ಅವಳು ಕೇಳಿದಳು: “ಹಂಗಾರೆ ಇಷ್ಟು ದಿನ ಬಾಯಿಪಾಠ ಮಾಡಿದ್ದು ಎಂತಕ್ಕೆ ಮೇಡಂ?”

“ನನ್ನ ತಪ್ಪನ್ನು ಸ್ಪಷ್ಟ ಉಚ್ಚಾರದಲ್ಲಿ ಹೇಳುವುದಕ್ಕೆ,” ಎಂದೆ. ಆಗ ನಕ್ಕರು. ಮಹಡಿ ಹಗುರಾಯಿತು.

ಅಂದಿನಿಂದ ಬೆಂಚು ಹಾಸಿಗೆಯಾಯಿತು. ಕಿಟಕಿಯ ಸರಳಿಗೆ ಹಳೆಯ ಸಲೈನ್ ಬಾಟಲಿಯನ್ನು ತೂಗುಹಾಕಿ, ರಕ್ತವೆಂದು ಮುರುಗಲು ಹಣ್ಣಿನ ಕೆಂಪು ಪಾನಕ ತುಂಬಿಸಿದೆ. ಶೃಂಗೇರಿಯವಳು ತಾನೇ ರೋಗಿಯೆಂದು ಮಲಗಿದಳು. ಉಳಿದ ಪಾನಕ ರೋಗಿಗೇ ಸೇರಬೇಕೆಂಬುದು ಅವಳ ಷರತ್ತು. ನಳಿಕೆಯ ತುದಿಯನ್ನು ಬೆಂಚಿನ ಕೆಳಗಿನ ಬಕೆಟ್ಟಿಗೆ ಬಿಟ್ಟಿದ್ದೆವು. ಭಂಡಿಗಡಿಯ ಹುಡುಗಿ ಪಕ್ಕದಲ್ಲಿ ನಿಂತಳು.

“ಅಯ್ಯೋ, ನಡುಕ ಬರ್ತಿದೆ,” ಎಂದು ರೋಗಿ ನರಳಿದಳು.

ಇವಳು ನನ್ನ ಕಡೆ ತಿರುಗಿದಳು. “ಮೇಡಂ, ನಿಲ್ಲಿಸ್ಲಾ?”

“ನಾನು ಇಲ್ಲಿ ಇಲ್ಲವೆಂದು ತಿಳಿ.”

“ಸರಿ ಮೇಡಂ. ನಿಲ್ಲಿಸ್ಲಾ?”

“ನಾ ಸತ್ತೇ ಹೋದೆ ಮಾರಾಯ್ತಿ, ಇನ್ನು ನಿಧಾನಕ್ಕೆ ಕೇಳು,” ಎಂದು ರೋಗಿ ಕಣ್ಣು ಮುಚ್ಚಿದಳು.

ನಾಲ್ಕು ದಿನ ಹೀಗೆಯೇ ನಡೆಯಿತು. ಉಳಿದವರು ಕಲಿತರು, ಇವಳ ಕೈ ಮಾತ್ರ ಮೇಲೇಳಲಿಲ್ಲ. ಉತ್ತರ ಅವಳಿಗೆ ಗೊತ್ತಿತ್ತು. ಆದರೆ ಹಿರಿಯರು ಎದುರಿಗೆ ಕುಳಿತಿರುವಾಗ, ಅವರು ತಲೆಯಾಡಿಸದೆ ಒಂದು ಲೋಟವನ್ನೂ ಸರಿಸಬಾರದೆಂದು ಬೆಳೆದ ಮಗು ಅದು. ಅವಳ ತಾಯಿ ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದದ್ದು ಆಗ ನನಗೆ ಅರ್ಥವಾಯಿತು. ನಾನೂ ನನ್ನ ತಂದೆಯವರ ಮುಂದೆ ಹಾಗೆಯೇ ನಿಂತವಳು. ಆ ಮರ್ಯಾದೆಯನ್ನು ಅಳಿಸುವ ಮನಸ್ಸು ನನಗಿರಲಿಲ್ಲ. ಅದು ರೋಗಿಯ ಮತ್ತು ಅವಳ ಕೈಯ ನಡುವೆ ಬಂದು ನಿಲ್ಲದಿದ್ದರೆ ಸಾಕಿತ್ತು.

ಐದನೆಯ ದಿನ ನನ್ನ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತೆ. ಶಿಷ್ಯರಿಗೆ ಬೆನ್ನು ತೋರಿಸಿ ಪಾಠ ಹೇಳಿದ ಗುರುವನ್ನು ನಾನು ಕಂಡಿಲ್ಲ. “ಡಾಕ್ಟರು ಘಾಟಿಯಲ್ಲಿದ್ದಾರೆ, ಫೋನು ಸಿಗುವುದಿಲ್ಲ. ನನ್ನನ್ನು ಕೇಳಿದರೆ ಉತ್ತರ ಬರುವುದಿಲ್ಲ. ನಡೆಸಿ,” ಎಂದು ಸುಮ್ಮನಾದೆ.

ಹಿಂದೆ ನರಳಾಟ ಕೇಳಿತು. ಅವಳು ನನ್ನ ಬೆನ್ನನ್ನೇ ನೋಡುತ್ತಿರಬೇಕು ಎನ್ನಿಸಿತು. ತಿರುಗಿ ನೋಡುವ ಆಸೆಯನ್ನು ತಡೆದೆ. ಆಗ ಬಕೆಟ್ಟಿಗೆ ತೊಟ್ಟಿಕ್ಕುತ್ತಿದ್ದ ಸದ್ದು ನಿಂತಿತು.

“ನಿಲ್ಸಿದೀನಿ ಅಕ್ಕಾ, ಹೆದರ್ಬೇಡಿ. ನಡುಕ ಯಾವಾಗಿಂದ? ಉಸಿರಾಡಕ್ಕೆ ಕಷ್ಟ ಆಗ್ತಿದ್ಯಾ? ಸೊಂಟ ಬಿಟ್ಟು ಇನ್ನೆಲ್ಲಾದ್ರೂ ನೋವಿದ್ಯಾ?” ಬೇರೆ ನಳಿಕೆ ತರಲು ಒಬ್ಬಳಿಗೆ, ಬಿಪಿ ನೋಡಲು ಇನ್ನೊಬ್ಬಳಿಗೆ ಹೇಳಿದಳು. ರಕ್ತದ ಚೀಲವನ್ನು ಎಸೆಯಬೇಡಿ, ಪ್ರಯೋಗಾಲಯಕ್ಕೆ ಬೇಕು ಎಂದಳು. ಕೊನೆಗೆ, “ಈಗ ಡಾಕ್ಟರಿಗೆ ಫೋನ್ ಮಾಡ್ತೀನಿ.”

ಕೇಳುವ ಅಭ್ಯಾಸ ಅವಳಿಂದ ಹೋಗಿರಲಿಲ್ಲ. ಈಗ ಕೇಳುತ್ತಿದ್ದುದು ರೋಗಿಯನ್ನು.

ಆಮೇಲಿನ ಆರು ವಾರ ನಾನು ಗೋಡೆಯನ್ನು ನೋಡಿಕೊಂಡೇ ಪಾಠ ನಡೆಸಿದೆ. ಯಾರ ಹೆಜ್ಜೆ ಹಿಂಜರಿಯುತ್ತದೆ, ಯಾರ ದನಿ ಗಟ್ಟಿಯಾಗುತ್ತದೆ ಎಂಬುದು ಕಣ್ಣಿಗಿಂತ ಕಿವಿಗೇ ಚೆನ್ನಾಗಿ ತಿಳಿಯಿತು. ಶಿವಮೊಗ್ಗದ ಕೇಂದ್ರಕ್ಕೆ ಪರೀಕ್ಷೆಗೆ ಹೊರಟ ದಿನ ಅವರ ಬಗ್ಗೆ ನನಗೆ ಸಂಶಯವಿರಲಿಲ್ಲ.

ಫಲಿತಾಂಶ ಬಂತು. ಎಂಟು ಜನ ತೇರ್ಗಡೆಯಾದರು. ಕಮ್ಮರಡಿಯವಳು ಮತ್ತೊಮ್ಮೆ ಕಟ್ಟಬೇಕಾಗಿದೆ, ಸೋಮವಾರದಿಂದಲೇ ಬರುತ್ತಿದ್ದಾಳೆ. ಭಂಡಿಗಡಿಯ ಹುಡುಗಿ ಆಸ್ಪತ್ರೆಗೆ ಸೇರುವ ಮುನ್ನ ತಾಯಿಯೊಡನೆ ಬಂದು ನಮಸ್ಕರಿಸಿದಳು. ಪರೀಕ್ಷೆ ಹೇಗಿತ್ತೆಂದು ಕೇಳಿದೆ. ಅವಳು ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಮೆಲ್ಲನೆ ಹೇಳಿದಳು: “ಅಲ್ಲಿ ನೀವು ಎದುರಿಗೆ ಕೂತಿರ್ಲಿಲ್ವಲ್ಲ ಮೇಡಂ, ಸುಲಭ ಆಯ್ತು.”

“ಎಂತ ಮಾತು ಕೂಸೇ,” ಎಂದು ತಾಯಿ ಗದರಿದರು. ನಾನು ನಕ್ಕು ಅಕ್ಷತೆ ಹಾಕಿದೆ.

ಅವಳ ಕೈಗೆ ಬರುವ ರೋಗಿಗಳು ಎದ್ದು ನಡೆದು ಮನೆಗೆ ಹೋಗಲಿ. ಆ ಎಂಟು ಜನರ ಕೈಗಳು ಸಮಯಕ್ಕೆ ಮುಂದಾಗಲಿ. ಒಂಬತ್ತನೆಯವಳಿಗೆ ಬೇಗ ದಾರಿ ತೆರೆಯಲಿ. ಬೆಂಚಿನ ಮೇಲೆ ದಿನಕ್ಕೆ ನಾಲ್ಕು ಸಲ ಸತ್ತವಳಿಗೆ ದೀರ್ಘಾಯುಷ್ಯವಿರಲಿ. ಮಗಳನ್ನು ನಂಬಿ ಕಳುಹಿಸಿದ ತಾಯಂದಿರಿಗೆ ನೆಮ್ಮದಿಯಿರಲಿ. ಎಲ್ಲರಿಗೂ ಶುಭವಾಗಲಿ.