ಹರಿದ ಪುಟದ ಕಥೆ

ಸುಮಲತಾ ಮದುವೆಯಾಗಿ ಚಿಗಟೇರಿಗೆ ಬಂದ ದಿನವೇ ನೆರೆಮನೆಯ ಕೊಟ್ರಬಸಮ್ಮನನ್ನು ಕಂಡಳು. ಆಕೆ ಶೇಂಗಾ ಸುಲಿಯುವ ಹೆಂಗಸರ ನಡುವೆ ಕುಳಿತು ಮಾಸಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಂಚೆಯವನ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕು ಪತ್ರಿಕೆ ಪ್ರತಿ ತಿಂಗಳೂ ಹರಿದೇ ಬರುತ್ತಿತ್ತು. ಹರಿದಲ್ಲಿ ಕೊಟ್ರಬಸಮ್ಮ ತಡವರಿಸದೆ ತನ್ನದೇ ಮಾತು ಸೇರಿಸುತ್ತಿದ್ದಳು, ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ.

ಕೊನೆಯ ಕಂತು ಬಂದಾಗ ಕೊನೆಯ ಪುಟವೇ ಇರಲಿಲ್ಲ. ಹೊರಗಟ್ಟಿದ್ದ ಸೊಸೆಯನ್ನು ಅತ್ತೆಯೇ ಹೋಗಿ ಕರೆತಂದಳೆಂದು ಆಕೆ ಕಥೆ ಮುಗಿಸಿದಳು. ಕೇಳುತ್ತಿದ್ದ ಗಿಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಳವಾಡಿ ತವರಿಗೆ ಹೋಗಿದ್ದ ತನ್ನ ಸೊಸೆಯನ್ನು ಕರೆತರಲು ಮರುದಿನವೇ ಹಡಗಲಿ ಬಸ್ಸು ಹತ್ತಿದಳು.

ಕೆಲ ದಿನಗಳ ಬಳಿಕ ಸುಮಲತಾ ತಾನು ಕೆಲಸಕ್ಕೆ ಹೋಗುವ ಹರಪನಹಳ್ಳಿಯ ಇಂಟರ್ನೆಟ್ ಅಂಗಡಿಯಲ್ಲಿ ಅದೇ ಕಂತನ್ನು ಪೂರ್ತಿ ಓದಿ, ಸಂಜೆ ಕೊಟ್ರಬಸಮ್ಮನ ಬಳಿಗೆ ಓಡೋಡಿ ಬಂದಳು.

“ಅತ್ತಿ, ಆ ಕಥ್ಯಾಗ ಸೊಸಿ ತಿರುಗಿ ಬರೋದೇ ಇಲ್ಲಲ್ರೀ!”

“ಮೆಲ್ಲಕ ಮಾತಾಡವ್ವ! ಗಿಡ್ಡಮ್ಮನ ಸೊಸಿ ಬಂದಾಳಲ್ಲ? ಆ ಕಥಿ ಬರೆದಾಕಿಗೆ ಅತ್ತಿ ಕಾಟ ಐತೇನೋ, ಪಾಪ.”

ಈಗ ಸುಮಲತಾಳೇ ಪತ್ರಿಕೆಯ ಪುಟಗಳನ್ನು ಪ್ರಿಂಟ್ ತೆಗೆದು ತರುತ್ತಾಳೆ, ಒಂದೂ ಹರಿದಿರುವುದಿಲ್ಲ. ಅಚ್ಚಾದ ಅಕ್ಷರವನ್ನು ಬದಲಿಸಿ ಓದುವುದು ಪಾಪವೆಂದು ಕೊಟ್ರಬಸಮ್ಮನ ನಂಬಿಕೆ. ಆದ್ದರಿಂದ ಮೊದಲು ಒಬ್ಬಳೇ ಓದಿಕೊಂಡು, ಮನಸ್ಸಿಗೆ ಬಾರದ ಪುಟವನ್ನು ಹರಿದು ಒಲೆಗೆ ಹಾಕಿ, ಆಮೇಲೆ ಹೆಂಗಸರನ್ನು ಕೂಗಿ ಕರೆಯುತ್ತಾಳೆ.