ಉಪ್ಪು ನೋಡದ ಲಾಪ್

ಪಯಾವ್ ಸೀಮೆಯ ಈ ಕಣಿವೆಯಲ್ಲಿ ಹಂದಿ ಕಡಿದ ಮನೆಯವರು ಮೊದಲು ಹೇಳಿಕಳಿಸುತ್ತಿದ್ದುದು ಸೀಮೂನನಿಗೆ. ಅವನು ಎರಡು ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದ. ಹುಣಸೆ ಕೊರಡಿನ ಮುಂದೆ ಕೂತು ಎರಡೂ ಕೈಯಿಂದ ಕೊಚ್ಚುತ್ತಿದ್ದ. ಮಾಂಸ ನುಣ್ಣಗಾದ ಮೇಲೆ ನೆತ್ತರು, ಹಿಪ್ಪಲಿ, ಸುಟ್ಟ ಮೆಣಸಿನಕಾಯಿ, ಉಪ್ಪು. ಆಮೇಲೆ ಬೆರಳಲ್ಲಿ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಉಪ್ಪು ಹದವಾಗಿದೆಯೆಂದು ತಲೆಯಾಡಿಸಿದರೆ ಗಂಡಸರು ಊಟಕ್ಕೆ ಕೂರುವರು. ಹೀಗೆ ಕೊಚ್ಚಿ ಕಲಸಿದ ಲಾಪನ್ನು ಗಂಡಸರು ಹಸಿಯಾಗಿಯೇ ತಿನ್ನುತ್ತಾರೆ. ಹೆಂಗಸರು ತಮ್ಮ ಪಾಲನ್ನು ಬಾಣಲೆಯಲ್ಲಿ ಹುರಿದುಕೊಳ್ಳುತ್ತಾರೆ. ಮೊದಲ ತುತ್ತು ಮಾಡಿದವನದು, ಅದೂ ಎಲ್ಲರ ಎದುರಿಗೆ.

ಹೋದ ವರ್ಷ ಹೊಸವರ್ಷದ ಹಬ್ಬಕ್ಕೆ ಬೆಟ್ಟದಲ್ಲಿ ಬಿಟ್ಟು ಮೇಯಿಸಿದ ಕರಿಹಂದಿ ತಂದಿದ್ದರು. ಹಬ್ಬ ಮುಗಿದ ಮೇಲೆ ಗಂಡಸರಿಗೆ ಹೊಟ್ಟೆ ಕೆಟ್ಟಿತು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಜ್ವರ ಬಂತು, ಜೇನು ಕಡಿದವರ ಹಾಗೆ ರೆಪ್ಪೆಗಳು ಊದಿಕೊಂಡವು. ಮೀನಖಂಡ ಕಲ್ಲಾಗಿ, ಸೀಮೂನ್ ಕಂಬಗಳ ಮೇಲಿನ ತನ್ನ ಮನೆಯ ಏಣಿ ಹತ್ತಲಾರದೆ ಕೆಳಗೇ ಮಲಗಿದ. ಅನ್ನ ಅಗಿಯಲು ದವಡೆ ಒಪ್ಪುತ್ತಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಅವನ ಮೀನಖಂಡದಿಂದ ಒಂದು ಎಳೆ ಮಾಂಸ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಸುರುಳಿ ಸುತ್ತಿಕೊಂಡ ಒಂದು ಹುಳ ಕಂಡಿತು.

"ಹಸಿ ಹಂದಿಮಾಂಸದಿಂದ ಬಂದ ಹುಳ ಇದು. ಕರುಳಲ್ಲಿರೋದಕ್ಕೆ ಮಾತ್ರೆ ಇದೆ, ದೊಡ್ಡಪ್ಪ," ಅಂದಳು ಡಾಕ್ಟರು. "ಮಾಂಸಕ್ಕಿಳಿದಿರೋದು ಸುತ್ತ ಗೋಡೆ ಕಟ್ಕೊಂಡು ಅಲ್ಲೇ ಇರತ್ತೆ. ವರ್ಷಗಟ್ಟಲೆ."

"ಹೊರಗೆ ಬರಲ್ವಾ?"

"ನಿಮ್ಮನ್ನ ಯಾರಾದ್ರೂ ಹಸೀದು ತಿಂದ್ರೆ ಬರಬಹುದು."

ಇಬ್ಬರೂ ನಕ್ಕರು. ಸೀಮೂನನಿಗೆ ನಕ್ಕರೂ ದವಡೆ ನೋಯುತ್ತಿತ್ತು.

ಆ ಹಬ್ಬದ ದಿನ ಅವನ ಪಕ್ಕದಲ್ಲೇ ಕೂತು ಎಲ್ಲರಿಗಿಂತ ಹೆಚ್ಚು ತಿಂದವನು ಬಾಲ್ಯದ ಗೆಳೆಯ ತಾವಿಲ್. ಅವನು ಆಸ್ಪತ್ರೆಗೆ ಹೋಗಲಿಲ್ಲ. ಜ್ವರ ಇಳಿಯುವ ಮೊದಲೇ ಒಂದು ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಕೂತವನು ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಕುಡಿತದಿಂದ ಸತ್ತ ಎಂದ ಅವನ ಅಣ್ಣ ಇನ್‌ಪನ್. ಊರು ಅದನ್ನೇ ಹೇಳಿತು. ಸೀಮೂನ್ ಅಲ್ಲವೆನ್ನಲಿಲ್ಲ. ತಾವಿಲನ ಹೆಂಡತಿ ಚನ್‌ಫೆಂಗ್ ಬೇಲಿಯಾಚೆಯ ಮನೆಯವಳು; ಅವಳು ಬಾವಿಗೆ ಬರುವ ಹೊತ್ತಿಗೆ ಇವನು ಒಳಗೆ ಹೋಗಿಬಿಡುತ್ತಿದ್ದ.

ಈ ವರ್ಷ ಸೀಮೂನನ ಮಗಳು ಪಿಕುನಳ ಮದುವೆ ಗೊತ್ತಾಯಿತು. ಹಂದಿಯೂ ಗೊತ್ತಾಯಿತು, ಅದೇ ಬೆಟ್ಟದ್ದು.

"ಹುರಿದು ಬಡಿಸೋಣ ಅಂತಿದೀನಿ," ಎಂದ ಸೀಮೂನ್.

"ಬೀಗರೇನು ಹೆಂಗಸರ ಬಟ್ಟೆ ಉಟ್ಕೊಂಡು ಬರ್ಬೇಕಾ?" ಇನ್‌ಪನ್ ನಕ್ಕ. ಆಮೇಲೆ ದನಿ ತಗ್ಗಿಸಿದ. "ನೀನು ಕೈ ಹಿಂದಕ್ಕೆ ತಗೊಂಡ್ರೆ ಜನ ಏನು ತಿಳ್ಕೋತಾರೆ, ಯೋಚನೆ ಮಾಡು. ನನ್ನ ತಮ್ಮ ಕುಡಿದು ಸತ್ತ. ಅದು ಹಾಗೇ ಇರ್ಲಿ."

ಕೈ ನೋವೆಂದು ಹೇಳಿ ಬೇರೆಯವರಿಗೆ ಬಿಟ್ಟುಬಿಡಿ ಎಂದಳು ಹೆಂಡತಿ.

"ಯಾರು ಕೊಚ್ಚಿದ್ರೂ ತಿನ್ನೋರು ಅವರೇ ಅಲ್ವೇನೇ?"

ಮದುವೆಯ ಬೆಳಿಗ್ಗೆ ವಧೂವರರ ಕೈಗಳಿಗೆ ಹಾರೈಕೆಯ ದಾರ ಕಟ್ಟಿದ ಮೇಲೆ ಸೀಮೂನ್ ಕೊರಡಿನ ಮುಂದೆ ಕೂತ. ತೋಳು ಸೋತಾಗ ನಿಲ್ಲಿಸಿ, ಮತ್ತೆ ಕೊಚ್ಚಿದ. ಎಲ್ಲ ಕಲಸಿಯಾಯಿತು. ಅವನ ಬೆರಳು ಬೋಗುಣಿಯ ಅಂಚಿಗೆ ಬಂದು ನಿಂತಿತು. ಗಂಡಸರೆಲ್ಲ ಅವನತ್ತ ನೋಡಿದರು.

"ಏನ್ ಬೀಗರೇ," ಎಂದ ವರನ ತಂದೆ, "ಮಗಳನ್ನೇ ಕೊಟ್ರಿ. ಲಾಪ್ ಕೊಡೋದಕ್ಕೆ ಇಷ್ಟು ಯೋಚನೆನಾ?"

ಎಲ್ಲರೂ ನಕ್ಕರು. ಅಳಿಯ ಅಂಟಕ್ಕಿ ಅನ್ನವನ್ನು ಉಂಡೆ ಮಾಡಿ ಹಿಡಿದು ಕಾಯುತ್ತಿದ್ದ. ಅವನ ಮಣಿಕಟ್ಟಿನಲ್ಲಿ ಬಿಳಿ ದಾರ ಇನ್ನೂ ಹೊಸದಾಗಿತ್ತು.

ಸೀಮೂನ್ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. ಬೋಗುಣಿ ಎತ್ತಿಕೊಂಡು ಎದ್ದ.

"ಸೀಮೂನ್, ಕೂತ್ಕೋ," ಎಂದ ಇನ್‌ಪನ್.

ಅವನು ಅಡುಗೆಮನೆಯ ಬಾಗಿಲಿಗೆ ಹೋದ. ಒಲೆಯ ಮುಂದೆ ಇದ್ದವಳು ಚನ್‌ಫೆಂಗ್.

"ಹುರಿದುಬಿಡಮ್ಮಾ."

"ಗಂಡಸರದ್ದೂನಾ?"

"ಎಲ್ಲಾನೂ."

ಅವಳು ಸೌಟು ಕೆಳಗಿಟ್ಟಳು. "ಹಂಗಾದ್ರೆ ನಮ್ಮನೆಯವರು ಕುಡಿದು ಸತ್ತಿದ್ದಲ್ಲ, ಅಲ್ವಾ ಅಣ್ಣ?"

"ಅಲ್ಲ."

ಅವನ ಕೈಯಿಂದ ಬೋಗುಣಿ ತೆಗೆದುಕೊಂಡು ಅವಳು ಬಾಣಲೆಗೆ ಸುರಿದಳು. ಹೊರಗೆ ಇನ್‌ಪನ್ ಏಣಿ ಇಳಿದು ಹೋಗುವ ಸದ್ದು ಕೇಳಿಸಿತು.

ತಟ್ಟೆಯನ್ನು ಹೊರಗೆ ತಂದವಳೂ ಅವಳೇ. ಬೀಗರ ಮುಂದಲ್ಲ, ಸೀಮೂನನ ಮುಂದೆ ಇಟ್ಟಳು. ಅವನು ಎಲ್ಲರ ಎದುರಿಗೆ ಮೊದಲ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. ಅವಳು ಬಗ್ಗಿ ತಟ್ಟೆಯ ಅಂಚಿನಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡಳು.

"ಉಪ್ಪು ಸಾಲ್ದು," ಎಂದಳು.

ಉಪ್ಪು ತರಲು ಅವಳು ಹೋಗಲಿಲ್ಲ. ಅವನು ಎರಡನೆಯ ತುತ್ತು ಎತ್ತುವವರೆಗೂ ಅಲ್ಲೇ ನಿಂತಿದ್ದಳು.